ಭಾಲ್ಕೆಯಿಂದ ಬರುವ ಟೀಚರ್

2024ರ ಜುಲೈ 9, ಮಂಗಳವಾರ, ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೆ ಏಳನೇ ತರಗತಿಯ ಮಹಾಮಾಯಾ ನೂರಕ್ಕೆ ಮೂವತ್ತೆಂಟು ಅಂಕ ಪಡೆದಳು. ಕೊಟ್ಟದ್ದು ಮನುಷ್ಯರಲ್ಲ, ಕೈಯಲ್ಲಿದ್ದ ಟ್ಯಾಬ್. ಅದು ಪರದೆಯ ಮೇಲೆ ಪಾಠ ತೋರಿಸುತ್ತಿತ್ತು, ಓದಿದ್ದನ್ನು ಕೇಳಿಸಿಕೊಳ್ಳುತ್ತಿತ್ತು, ತಪ್ಪಿದ ಶಬ್ದವನ್ನು ಕೆಂಪಾಗಿಸುತ್ತಿತ್ತು. ತರಗತಿಯಲ್ಲಿ ಅತಿ ಚೆನ್ನಾಗಿ ಓದುವವಳೆಂದರೆ ಮಹಾಮಾಯಾ. ಅವಳ ಪುಟ ಮಾಗಿದ ಮೆಣಸಿನಕಾಯಿಯ ಹೊಲದಂತೆ ಕಾಣುತ್ತಿತ್ತು.

"ಇದಕ್ಕ ಕಿವಿ ಕೇಳ್ಸಲ್ರಿ ಟೀಚರ್," ಎಂದು ಅವಳು ಟ್ಯಾಬನ್ನು ಮೇಜಿನ ಮೇಲಿಟ್ಟಳು. ಆ ದಿನ ಮತ್ತೆ ಮುಟ್ಟಲಿಲ್ಲ.

ಟೀಚರ್ ಆಮ್ರಪಾಲಿ ಬಗ್ಗಿ ಕೆಂಪು ಶಬ್ದಗಳನ್ನು ನೋಡಿದಳು. ಆಕೆ ಬೀದರಿನಲ್ಲಿ ಬಿ.ಎಸ್ಸಿ. ಓದಿದವಳು. ಖಟಕ ಚಿಂಚೋಳಿಯ ಆಚೆಗಿನ ಈ ಸಣ್ಣ ಶಾಲೆಗೆ ವಿಜ್ಞಾನ ಕಲಿಸಲು ದಿನಾ ಭಾಲ್ಕಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಶಾಲೆಯಲ್ಲಿ ಪ್ರಯೋಗಶಾಲೆ ಇರಲಿಲ್ಲ. ಟ್ಯಾಬ್‌ಗಳು ಬಂದ ವಾರದಲ್ಲೇ ಮಕ್ಕಳು ಉಳ್ಳಾಗಡ್ಡಿ ಸಿಪ್ಪೆಯ ಜೀವಕೋಶ ನೋಡಿದ್ದರು, ಚಂದ್ರನ ಕುಳಿಗಳನ್ನು ಎಣಿಸಿದ್ದರು. ಆದರೆ ಅವನ್ನು ಕೊಟ್ಟ ಸಂಸ್ಥೆಯವರು ಒಂದು ಷರತ್ತು ಹಾಕಿದ್ದರು. ಆಗಸ್ಟ್ 27ರಂದು ಇಪ್ಪತ್ತನಾಲ್ಕೂ ಮಕ್ಕಳು ಟ್ಯಾಬ್ ಮುಂದೆ ಕನ್ನಡ ಓದಬೇಕು. ಸರಾಸರಿ ಅರವತ್ತು ಬಂದರೆ ಹನ್ನೆರಡು ಟ್ಯಾಬ್ ಶಾಲೆಯಲ್ಲೇ ಉಳಿಯುತ್ತವೆ. ಬಾರದಿದ್ದರೆ ಔರಾದ ಕಡೆಯ ಇನ್ನೊಂದು ಶಾಲೆಗೆ ಹೋಗುತ್ತವೆ. ಮೊದಲ ದಿನದ ಸರಾಸರಿ ನಲವತ್ತನಾಲ್ಕು.

ಎರಡು ದಿನ ಆಕೆ ಕೆಂಪು ಶಬ್ದಗಳನ್ನು ಒಂದೂ ಬಿಡದೆ ಪುಸ್ತಕದಲ್ಲಿ ಬರೆದುಕೊಂಡಳು. ಒಟ್ಟು ನೂರಾ ಹನ್ನೆರಡು. ಅದರಲ್ಲಿ ಎಂಬತ್ತೊಂಬತ್ತರ ರೋಗ ಒಂದೇ: ಪರದೆಯ ಮೇಲೆ ಮನೆ, ಶಾಲೆ, ಮಳೆ, ಮಕ್ಕಳ ಬಾಯಲ್ಲಿ ಮನಿ, ಸಾಲಿ, ಮಳಿ. ಊರಿಗೆ ಊರೇ ಹಾಗೆ ಮಾತಾಡುತ್ತದೆ. ಮನೆಯಲ್ಲಿ ಆಮ್ರಪಾಲಿಯದೂ ಅದೇ ಮಾತು.

"ಕಾರಣ ಸಿಕ್ತ್ರಿ ಸರ್," ಎಂದು ಹೆಡ್ ಮಾಸ್ತರ ಶಿವರಾಜಪ್ಪನವರಿಗೆ ಹೇಳಿದಳು. ಮರುದಿನ ತರಗತಿಯಲ್ಲಿ ಘೋಷಿಸಿದಳು: "ಟ್ಯಾಬ್ ಮುಂದ ಕುಂತಾಗ ಶಬ್ದದ ಕೊನಿಗಿ 'ಇ' ಅನ್ನಬ್ಯಾಡ್ರಿ. 'ಎ' ಅನ್ರಿ. ತಿಳೀತಿಲ್ಲ?"

ತಿಳಿಯಿತು, ಬೇಕಾದ್ದಕ್ಕಿಂತ ಹೆಚ್ಚೇ ತಿಳಿಯಿತು. ಸೋಮವಾರದ ಹೊತ್ತಿಗೆ ಮಕ್ಕಳು ಸಿಕ್ಕಿದ್ದಕ್ಕೆಲ್ಲ 'ಎ' ಹಚ್ಚಿದ್ದರು. ಹುಲಿ ಹುಲೆಯಾಯಿತು, ಗಿಳಿ ಗಿಳೆಯಾಯಿತು, ಬಾವಿಯಲ್ಲಿ ನೀರಿದ್ದದ್ದು ಬಾವೆಗೆ ಹೋಯಿತು. ಹಿಂದಿನ ಬೆಂಚಿನ ಅಕ್ಸಾ ಎದ್ದು ನಿಂತು, ಮುಖ ಗಂಭೀರ ಮಾಡಿಕೊಂಡು ಕೇಳಿದಳು: "ಟೀಚರ್ರಿ, ನೀವು ದಿನಾ ಭಾಲ್ಕೆಯಿಂದ ಬರ್ತೀರೇನ್ರಿ?"

ತರಗತಿ ಬಿದ್ದು ಬಿದ್ದು ನಕ್ಕಿತು. ಆಮ್ರಪಾಲಿಗೂ ನಗು ತಡೆಯಲಾಗಲಿಲ್ಲ. ಸಂಜೆ ಲೆಕ್ಕ ಹಾಕಿದಾಗ ಮಾತ್ರ ನಗು ನಿಂತಿತು. ಸರಾಸರಿ ಮೂವತ್ತೊಂಬತ್ತಕ್ಕೆ ಇಳಿದಿತ್ತು.

ಬಸ್ಸಿನಲ್ಲಿ ಕಿಟಕಿಗೆ ಒರಗಿ ಕಬ್ಬಿನ ಹೊಲ ನೋಡುತ್ತ ಆಕೆ ಯೋಚಿಸಿದಳು. ಮಕ್ಕಳು ಹೇಳಿದ್ದನ್ನು ಹೇಳಿದಂತೆಯೇ ಮಾಡಿದ್ದರು. ಕೊಟ್ಟ ಸೂಚನೆಯೇ ತಪ್ಪಾಗಿತ್ತು. ಅದನ್ನು ಕೊಟ್ಟವಳು ತಾನು. ಕಣ್ಣು ಮಾಡಬೇಕಾದ ಕೆಲಸವನ್ನು ನಾಲಿಗೆಗೆ ಒಪ್ಪಿಸಿದ್ದಳು.

ಮರುದಿನ ಅಂಕ ಕೊಡುವ ಆಟವನ್ನೇ ಬಂದ್ ಮಾಡಿಸಿದಳು. "ಒಂದೊಂದೇ ಶಬ್ದ ತೆಗೀರಿ. ಎರಡು ಬೆರಳಿಲೆ ಹಿಗ್ಗಸ್ರಿ. ಕೊನಿ ಅಕ್ಷರ ಪರದೆ ತುಂಬಾ ಬರಬೇಕು." ಜೀವಕೋಶ ನೋಡಿದ ಹಾಗೆಯೇ ಮಕ್ಕಳು ಬಗ್ಗಿ ಅಕ್ಷರ ನೋಡಿದರು. ಒಂದರ ನೆತ್ತಿಯ ಮೇಲೆ ಗುಡಿಸು, ಇನ್ನೊಂದಕ್ಕೆ ಎತ್ವ. ಒಂದನೇ ತರಗತಿಯಲ್ಲಿ ಹಾಡಿ ಮರೆತ ಕಾಗುಣಿತದ ಬಳ್ಳಿ ಮತ್ತೆ ಹೊರಬಂತು: ನ ಗುಡಿಸು ನಿ, ನ ಎತ್ವ ನೆ. 'ಇಲಿ ಎಲೆ ತಿಂದಿತು' ಎಂಬ ಸಾಲಿನ ಮೇಲೆ ಒಂದು ಇಡೀ ಪಿರಿಯಡ್ ಹೋಯಿತು. ಎಲೆಯೇ ಇಲಿಯನ್ನು ತಿಂದದ್ದು ನಾಲ್ಕು ಸಲ.

ಮಹಾಮಾಯಾ ಮಾತ್ರ ಕೈ ಕಟ್ಟಿ ಕೂತಿದ್ದಳು. ಊಟದ ಬಿಡುವಿನಲ್ಲಿ ಆಮ್ರಪಾಲಿ ಅವಳ ಪಕ್ಕ ಹೋಗಿ ಕುಳಿತಳು.

"ಯಾಕ ಪೋರಿ, ಸಿಟ್ಟೇನು?"

"ನಾ ಮನ್ಯಾಗ ಮನೆ, ಮನೆ ಅಂದ್ರ ನಮ್ಮ ಆಯಿ ನಗ್ತಾಳ್ರಿ. ಬೆಂಗಳೂರಿನ ಬಾಯಿ ಬಂದ್ಳು ಅಂತಾಳ. ಇಲ್ಲಿ ಮನಿ ಅಂದ್ರ ಇದು ಕೆಂಪ ಮಾಡ್ತದ. ನಾ ಎಲ್ಲಿ ಮಾತಾಡ್ಲಿರಿ?"

ಆಮ್ರಪಾಲಿಗೆ ಕಾಲೇಜಿನ ಮೊದಲ ವರ್ಷ, ಸೆಮಿನಾರಿನಲ್ಲಿ 'ಎಲಿ' ಎಂದು ಓದಿ, ಮುಂದಿನ ಸಾಲಿನವರು ತಿರುಗಿ ನೋಡಿದ್ದು ನೆನಪಾಯಿತು. ಆಮೇಲೆ ಆರು ತಿಂಗಳು ಆಕೆಯೂ ತರಗತಿಯಲ್ಲಿ ಬಾಯಿ ಬಿಟ್ಟಿರಲಿಲ್ಲ.

"ಮನಿ ಗಲತ್ ಅಲ್ಲ," ಎಂದಳು. "ನಂದೂ ಮನೀನೇ ಅದ. ಮಾತಾಡಾಗ ಆಯಿದು ಮಾತಾಡು. ಓದಾಗ ಕಣ್ಣಿಗಿ ಕಂಡಿದ್ದು ಓದು. ಎರಡೂ ನಿಂದೇ. ಒಂದರ ಸಲುವಾಗಿ ಇನ್ನೊಂದು ಬಿಡಬ್ಯಾಡ."

ಮಹಾಮಾಯಾ ಎರಡು ದಿನ ಬಿಟ್ಟು ಟ್ಯಾಬಿನಲ್ಲಿ ತನ್ನ ಆಯಿ, ಅಜ್ಜಿ ಕೌಸಲ್ಯಾಬಾಯಿಯ ಹಾಗೆ ಒಂದು ಕತೆ ಹೇಳಿ ರೆಕಾರ್ಡ್ ಮಾಡಿದಳು. ಅದನ್ನೇ ಪುಸ್ತಕದ ಮಾತಿನಲ್ಲಿ ಬರೆದಳು, ಬರೆದದ್ದನ್ನು ಓದಿ ಇನ್ನೊಮ್ಮೆ ರೆಕಾರ್ಡ್ ಮಾಡಿದಳು. ಮುಂದಿನ ವಾರ ಎಲ್ಲರಿಗೂ ಅದೇ ಹುಚ್ಚು.

ಆಗಸ್ಟ್ 27ರಂದು ಬೀದರಿನ ನೌಬಾದದಿಂದ ಸಂಸ್ಥೆಯ ದಾನಿಯೇಲ ಸರ್ ಬಂದರು. ಇಪ್ಪತ್ಮೂರು ಮಕ್ಕಳು ಓದಿ ಮುಗಿಸಿದಾಗ ಒಟ್ಟು 1,376. ಆಮ್ರಪಾಲಿ ಮನಸ್ಸಿನಲ್ಲೇ ಭಾಗಿಸಿದಳು. ಅರವತ್ತಕ್ಕೆ ಇನ್ನೂ ಕೂದಲೆಳೆಯಷ್ಟು ಕಡಿಮೆ. ಉಳಿದವಳು ಮಹಾಮಾಯಾ ಒಬ್ಬಳೇ. ಅವಳು ಕನಿಷ್ಠ ಅರವತ್ನಾಲ್ಕು ತರಬೇಕು.

ಹುಡುಗಿ ಮೊದಲ ಶಬ್ದದ ಮೇಲೆ ಬೆರಳಿಟ್ಟು ಮೂರು ಸಲ ಹಿಂದೆ ತೆಗೆದಳು. ದಾನಿಯೇಲ ಸರ್ ಟ್ಯಾಬ್ ಇಸಿದುಕೊಂಡರು. "ಅಂಜಬ್ಯಾಡವಾ. ಹ್ಯಾಂಗ ಓದಬೇಕು ನಾ ತೋರಸ್ತೇನಿ, ನೋಡು." ಬೇರೊಂದು ಪುಟ ತೆಗೆದು ಗಂಟಲು ಸರಿಮಾಡಿ, ಚರ್ಚಿನಲ್ಲಿ ಓದುವವರಂತೆ ಗಂಭೀರವಾಗಿ ಓದಿದರು. ಟ್ಯಾಬ್ ಟಣ್ ಎಂದಿತು. ಐವತ್ತೆರಡು.

ಮೊದಲು ಬಾಯಿ ಬಿಟ್ಟವಳು ಅಕ್ಸಾ: "ಸರ್ರಿ, ನೀವು ಸಾಲಿ ಅಂದ್ರಿ. ಅಲ್ಲಿ ಎತ್ವ ಅದರಿ."

ದಾನಿಯೇಲ ಸರ್ ಕನ್ನಡಕ ತೆಗೆದು ಪರದೆ ನೋಡಿದರು, ಮತ್ತೆ ಹಾಕಿಕೊಂಡು ನೋಡಿದರು. "ನಾನೂ ಔರಾದದಾಂವ ಇದ್ದೇನಲ್ರಿ," ಎಂದು ತಾವೇ ನಕ್ಕುಬಿಟ್ಟರು. "ನಂದು ಸರಾಸರ್ಯಾಗ ಹಿಡೀಬ್ಯಾಡ್ರಿ ಮತ್ತ!"

ಎಲ್ಲರಿಗಿಂತ ಜೋರಾಗಿ ನಕ್ಕವಳು ಮಹಾಮಾಯಾ. ನಗುತ್ತಲೇ ಟ್ಯಾಬ್ ತೆಗೆದುಕೊಂಡಳು. ಬೆರಳನ್ನು ಸಾಲಿನ ಕೆಳಗಿಟ್ಟು, ಪ್ರತಿ ಶಬ್ದದ ತುದಿಯಲ್ಲಿ ಒಂದು ಕ್ಷಣ ನಿಂತು, ಗಿಳಿಯನ್ನು ಗಿಳಿಯಾಗಿಯೇ ಮನೆಯನ್ನು ಮನೆಯಾಗಿಯೇ ಓದಿದಳು. ಎಡವಿದಳು, ಆದರೆ ನಿಲ್ಲಲಿಲ್ಲ. ಪರದೆಯ ಮೇಲೆ ಎಪ್ಪತ್ತೊಂದು ಮೂಡಿತು.

"ಟೀಚರ್ರಿ," ಎಂದಳು ಟ್ಯಾಬ್ ಮೇಜಿನ ಮೇಲಿಟ್ಟು, "ಈಗ ನಾ ಮನೀಗಿ ಹೋಗ್ಲೇನ್ರಿ?"

"ಹೋಗು. ಆಯಿಗಿ ಹೇಳು."

ಶಿವರಾಜಪ್ಪನವರು ಟ್ಯಾಬ್‌ಗಳನ್ನು ಎಣಿಸಿ ಮತ್ತೆ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಆಮ್ರಪಾಲಿ ಪುಸ್ತಕ ತೆರೆದು, 1,447ನ್ನು ಇಪ್ಪತ್ನಾಲ್ಕರಿಂದ ಎರಡು ಸಲ ಭಾಗಿಸಿ ನೋಡಿ, ದಿನಾಂಕದ ಮುಂದೆ ಬರೆದಳು: ಸರಾಸರಿ 60.29.