ಚುಕ್ಕೆ ಇಟ್ಟ ಮನೆ

ನಾನೊಂದು ರಬ್ಬರ್. ಹೆಸರಿಗಷ್ಟೇ ರಬ್ಬರ್, ಯಾವ ಮರದ ಹಾಲೂ ನನ್ನ ಮೈಯಲ್ಲಿಲ್ಲ. ಯಂತ್ರದ ಬಾಯಿಂದ ಬಿಳಿ ಪ್ಲಾಸ್ಟಿಕ್ಕಿನ ಬಿಸಿ ಪಟ್ಟಿಯೊಂದು ಹೊರಬಂತು, ಬ್ಲೇಡು ಇಳಿಯಿತು, ನಾನು ಹುಟ್ಟಿದೆ. ನನ್ನ ಹಿಂದೆ ನನ್ನಂಥವರು, ಮುಂದೆಯೂ ನನ್ನಂಥವರು. ತಪ್ಪು ಮಾಡುವವರು ಇಷ್ಟೊಂದು ಮಂದಿ ಇದ್ದಾರೆಂಬುದು ಈ ಲೋಕದ ಬಗ್ಗೆ ನನಗೆ ಸಿಕ್ಕ ಮೊದಲ ಸುದ್ದಿ.

ಕಾರಟಗಿಯ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಬಹಳ ಕಾಲ ಗಾಜಿನ ಭರಣಿಯೊಳಗಿದ್ದೆ. ಒಂದು ದಿನ ಭತ್ತದ ಧೂಳು ಮೆತ್ತಿದ ಕೈಯೊಂದು ನನ್ನನ್ನು ಎತ್ತಿಕೊಂಡಿತು. ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದ ಚನ್ನವೀರನ ಕೈ ಅದು. ಅವನಿಗೆ ನಾನು ಬೇಕಾಗಿದ್ದು ಮಿಲ್ಲಿನ ಲೆಕ್ಕಕ್ಕಲ್ಲ, ಭಾನುವಾರದ ಪತ್ರಿಕೆಯ ಅಂಕಿಚಿತ್ರಕ್ಕೆ.

ಅಂಕಿಚಿತ್ರವೆಂದರೆ ಅಂಗೈಯಗಲದ ಚೌಕ. ಅದರೊಳಗೆ ಖಾಲಿ ಮನೆಗಳು, ಪ್ರತಿ ಸಾಲಿನ ಪಕ್ಕದಲ್ಲಿ, ಪ್ರತಿ ಕಂಬದ ತಲೆಯ ಮೇಲೆ ಅಂಕಿಗಳು. ಯಾವ ಸಾಲಿನಲ್ಲಿ ಎಷ್ಟು ಮನೆ ಒತ್ತಾಗಿ ಕಪ್ಪಾಗಬೇಕೆಂದು ಅಂಕಿ ಹೇಳುತ್ತದೆ. ಸರಿಯಾಗಿ ತುಂಬಿದರೆ ಕೊನೆಗೊಂದು ಚಿತ್ರ ಮೂಡುತ್ತದೆ. ನೋಡಲು ಮಕ್ಕಳಾಟ. ಕೂತರೆ ಚಹಾ ಆರುತ್ತದೆ.

ಚನ್ನವೀರ ಊಹೆಯ ಮನುಷ್ಯ. ನಾಲ್ಕು ಮನೆ ಕಪ್ಪಾಗುತ್ತಲೇ ಅವನಿಗೆ ಪೂರ್ತಿ ಚಿತ್ರ ಕಾಣುತ್ತಿತ್ತು.

"ಇದು ಆನೀನ ನೋಡು ನೀಲಾ! ಸೊಂಡಿ ಬಂತು!"

"ಆನಿ ಅಂತ ಯಾರು ಹೇಳಿದ್ರು? ಸಾಲು ಹೇಳ್ತೇನು?" ಹೆಂಡತಿ ನೀಲಾಂಬಿಕಾ ಒಲೆಯ ಮುಂದಿನಿಂದ ಕೇಳುತ್ತಿದ್ದಳು.

"ಕಣ್ಣು ಹೇಳ್ತಾವ."

"ಹಸದವ್ರ ಕಣ್ಣಿಗೆ ಚಂದ್ರನೂ ರೊಟ್ಟಿನ. ಅಳಸ್ರಿ ಅದನ್ನ."

ಆನೆ ಕೊನೆಗೆ ಚಹಾದ ಕಿಟ್ಲಿಯಾಗುತ್ತಿತ್ತು. ಅಷ್ಟರಲ್ಲಿ ನನ್ನ ಒಂದು ಮೂಲೆ ಸವೆದಿರುತ್ತಿತ್ತು. ಅವನ ತಪ್ಪುಗಳಿಂದಲೇ ನಾನು ಬದುಕಿದೆ. ಅವನೆಂದರೆ ನನಗೆ ಪ್ರೀತಿ.

ನೀಲಾಂಬಿಕಾ ನನ್ನನ್ನು ಮುಟ್ಟುತ್ತಿರಲಿಲ್ಲ. ಐದು ಮನೆಯ ಸಾಲಿಗೆ ನಾಲ್ಕು ಎಂದಿದ್ದರೆ, ಎಡದಿಂದ ಹಿಡಿ, ಬಲದಿಂದ ಹಿಡಿ, ನಡುವಿನ ಮೂರು ಕಪ್ಪೇ. ಅಷ್ಟನ್ನೇ ತುಂಬುವಳು, ತುದಿಗಳನ್ನು ಬಿಡುವಳು. ಕಪ್ಪಾಗಲಾರದು ಎಂದು ಖಚಿತವಾದ ಮನೆಯಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುವಳು.

"ತುಂಬಿದ್ದಕ್ಕಿಂತ ಚುಕ್ಕಿ ದೊಡ್ಡದ್ರಿ," ಎಂದು ಗಂಡನಿಗೆ ಹೇಳಿಕೊಡುವಳು. "ಎಲ್ಲಿಲ್ಲ ಅನ್ನೂದು ಗೊತ್ತಾದ್ರ ಎಲ್ಲೈತಿ ಅನ್ನೂದು ತಾನ ಗೊತ್ತಾಗ್ತದ. ನೀವು ಒಂದು ಮನಿ ತಪ್ಪು ತುಂಬಿದ್ರ ನಿಮ್ಮ ಸಾಲಷ್ಟ ಕೆಡಂಗಿಲ್ಲ. ಅದಕ್ಕ ಅಡ್ಡ ಬಂದ ಇನ್ನೊಬ್ರ ಸಾಲೂ ಕೆಡ್ತದ."

ಕಾಲುವೆಗೆ ನೀರು ಬಿಟ್ಟ ಹೊಸತರಲ್ಲಿ ಒಂದು ಸಂಜೆ ಚನ್ನವೀರ ಮನೆಗೆ ಬರಲಿಲ್ಲ. ಅವನ ಸೈಕಲ್ಲು ಕಾಲುವೆಯ ಏರಿಯ ಮೇಲೆ ಸಿಕ್ಕಿತು. ಪಕ್ಕದಲ್ಲಿ ಚಪ್ಪಲಿ, ಬಾಗಿಲ ಮುಂದೆ ಬಿಟ್ಟಂತೆ ಜೋಡಿಯಾಗಿ. ಸಾಲ, ಜಗಳ, ಕಾಯಿಲೆ ಏನೂ ಇರಲಿಲ್ಲ. ಹೆಣವೂ ಸಿಗಲಿಲ್ಲ. ಬಾಗಿಲ ಸಪ್ಪಳವಾದಾಗಲೆಲ್ಲ ನೀಲಾಂಬಿಕಾ ಎದ್ದು ಹೋಗುವಳು; ತರಕಾರಿಯವನು, ಪಕ್ಕದ ಮನೆಯ ಕೂಸು, ಗಾಳಿ.

ಚನ್ನವೀರನ ಅಣ್ಣ ಗುರುಶಾಂತಪ್ಪನ ಮಗಳಿಗೆ ಮದುವೆ ಗೊತ್ತಾಗಿತ್ತು. ಅವನು ದಿನಾ ಬಂದು ಕಟ್ಟೆಯ ಮೇಲೆ ಕೂರುವನು. "ಅತ್ತ ಸತ್ತಾನ ಅನ್ನಂಗಿಲ್ಲ, ಇತ್ತ ಅದಾನ ಅನ್ನಂಗಿಲ್ಲ. ಬೀಗರಿಗೆ ಏನು ಹೇಳ್ಲಿ ನೀಲವ್ವಾ?"

ಕೆಲವು ವಾರಗಳ ಮೇಲೆ ಕೆಳಗಿನ ತೂಬಿನಲ್ಲಿ ಒಂದು ಹೆಣ ಸಿಕ್ಕಿತು. ಮುಖವೆಂಬುದು ಉಳಿದಿರಲಿಲ್ಲವಂತೆ. ನೀಲಾಂಬಿಕಾ, ಗುರುಶಾಂತಪ್ಪ ಇಬ್ಬರೂ ಆಸ್ಪತ್ರೆಗೆ ಹೋಗಿ ಬಂದರು. ನಾನು ಮೇಜಿನ ಮೇಲಿದ್ದೆ. ಅವರು ಬಂದ ಮೇಲಿನ ಮಾತು ಕೇಳಿದೆ.

"ಕೊರಳಾಗ ಲಿಂಗ ಇದ್ದಿಲ್ರಿ ಭಾವಾರ."

"ನೀರಾಗ ಹೋಗಿರ್ತದವಾ."

"ಉಡದಾರಕ್ಕ ಕೀಲಿಕೈ ಇತ್ತು. ನಮ್ಮನೀದಲ್ಲ ಅದು."

"ಮಿಲ್ಲಿಂದಿರಬೇಕು. ಎತ್ತರ ಕೂಡ್ತದ, ಮೈಕಟ್ಟು ಕೂಡ್ತದ. ಪೊಲೀಸರ ಮುಂದ ಹೂಂ ಅಂದಿ, ಮುಗೀತು. ಇನ್ನರೆ ಅತ್ತು ಹಗುರಾಗು."

ಅವಳು ಹೂಂ ಅಂದಿದ್ದಳು! ಎರಡು ಚುಕ್ಕೆ ಇಟ್ಟ ಮನೆಯನ್ನು ತಾನೇ ಕಪ್ಪು ಮಾಡಿ ಬಂದಿದ್ದಳು. ಅವಳನ್ನು ದೂರಲಾರೆ. ಬಾಗಿಲಿಗೆ ಎದ್ದೆದ್ದು ದಣಿದ ಮೈ ಅದು.

ಮರುದಿನ ಹೊಲದಲ್ಲಿ, ಅವರ ಹಿರಿಯರ ಪಕ್ಕದಲ್ಲಿ, ಹೆಣವನ್ನು ಕೂರಿಸಿ, ವಿಭೂತಿ ಹಚ್ಚಿ, ಕೈಯಲ್ಲಿ ಹೊಸ ಲಿಂಗ ಇಟ್ಟು ಮಣ್ಣು ಮಾಡಿದರು. ಪೊಲೀಸರು ಕೊಟ್ಟ ಕೀಲಿಕೈಯನ್ನು ನೀಲಾಂಬಿಕಾ ನನ್ನ ತಗಡಿನ ಡಬ್ಬಿಯಲ್ಲಿ ಹಾಕಿದಳು. ಆಗಾಗ ತೆಗೆದು ಮನೆಯ ಕೀಲಿಗಳಿಗೆಲ್ಲ ಹಾಕಿ ನೋಡುವಳು. ಮಿಲ್ಲಿಗೂ ಒಯ್ದಳು. ಯಾವುದಕ್ಕೂ ಹೊಂದಲಿಲ್ಲ. ಪತ್ರಿಕೆ ತರಿಸುವುದನ್ನು ಬಿಟ್ಟಳು. ಗುರುಶಾಂತಪ್ಪನ ಮಗಳ ಮದುವೆಯಾಯಿತು.

ದೀಪಾವಳಿ ಕಳೆದ ಮೇಲೆ ಒಬ್ಬ ಮುದುಕಿ ಬಂದಳು. ಮಗಳ ಮನೆಯಿಂದ ಬಂದ ಬುತ್ತಿ ಕೊಡಲು ಗುರುಶಾಂತಪ್ಪನೂ ಬಂದಿದ್ದ. ಮುದುಕಿ ದುರುಗವ್ವ, ಸಿಂಧನೂರಿನ ಆಚೆಯ ಹಳ್ಳಿಯವಳು. ಭತ್ತದ ನಾಟಿಗೆಂದು ಬಂದ ಮಗ ಯಂಕೋಬ ತಿರುಗಿ ಹೋಗಿರಲಿಲ್ಲ. ತೂಬಿನ ಹೆಣವನ್ನು ಈ ಮನೆಯವರು ಒಯ್ದರೆಂದು ಪೊಲೀಸರು ಹೇಳಿದ್ದರು.

"ತಪ್ಪು ತಿಳಿಬ್ಯಾಡವ್ವಾ," ಎಂದು ಅವಳು ನೀಲಾಂಬಿಕಾಳ ಗಲ್ಲ ಹಿಡಿದಳು. "ಅದು ನಿನ್ನ ಗಂಡಂದ ಹೌದಲ್ಲ? ಹೌದು ಅನ್ನು. ನಮ್ಮೂರ ದೇವಿ ದುರುಗಮ್ಮಗ ಕಾಯಿ ಒಡೀತೀನಿ."

ನೀಲಾಂಬಿಕಾ ಬಾಯಿ ತೆರೆಯುವ ಮೊದಲೇ ಗುರುಶಾಂತಪ್ಪ ಹೇಳಿದ, "ನಮ್ಮ ತಮ್ಮಂದ ಯವ್ವಾ. ನಾವ ಮಣ್ಣು ಮಾಡೀವಿ. ನಿನ್ನ ಮಗನ್ನ ಬ್ಯಾರೆ ಕಡೆ ಹುಡುಕು."

ಮುದುಕಿಯ ಮುಖ ಅರಳಿತು. ಬೇರೊಬ್ಬಳ ಗಂಡ ಸತ್ತದ್ದಕ್ಕೆ ಹೀಗೆ ನಗಬಾರದೆಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾತು ಮಾತ್ರ ನಿಲ್ಲಲಿಲ್ಲ. "ಅವನ ಟ್ರಂಕಿನ ಕೀಲಿ ಒಡಿ ಅಂತಾಳ ನನ್ನ ಸೊಸಿ. ನಾ ಒಡಸಿಲ್ಲ. ಕೀಲಿಕೈ ಅವನ ಉಡದಾರದಾಗ ಐತಿ. ಬಂದು ತಾನ ತಗೀತಾನ."

ಡಬ್ಬಿಯೊಳಗೆ ನನ್ನ ಮೈಗೆ ಒತ್ತಿಕೊಂಡಿದ್ದ ಕೀಲಿಕೈ ತಣ್ಣಗಿತ್ತು. ನೀಲಾಂಬಿಕಾ ಎದ್ದು ಬಂದು ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಂಡಳು.

"ನಡಿಯವ್ವಾ, ನಾನೂ ನಿಮ್ಮೂರಿಗೆ ಬರ್ತೀನಿ."

ಗುರುಶಾಂತಪ್ಪ ಬಾಗಿಲಿಗೆ ಅಡ್ಡ ನಿಂತ. ದನಿ ತಗ್ಗಿಸಿ ಹೇಳಿದ: "ಊರಾಗ ಕೀಲಿಕೈ ಸಾವಿರ ಅದಾವ. ಸುಮ್ನ ಕೂಡು. ನೀ ಹೋದ್ರ ಅಕಿ ಮಗ ಸಾಯ್ತಾನ, ನೀ ಮತ್ತ ಬಾಗಲಾ ಕಾಯ್ತಿ. ಯಾರಿಗೆ ಚಲೋ ಆಗ್ತದ ಹೇಳು?"

"ಸಾವಿರದಾಗ ಇದು ಯಾವುದು ಅನ್ನೂದು ಊಹಿ ಮಾಡಾಕ ನನಗಾಗಂಗಿಲ್ರಿ ಭಾವಾರ. ಒಮ್ಮೆ ಮಾಡೀನಿ, ಸಾಕು."

ಬಸ್ಸಿನಲ್ಲಿ ಮುದುಕಿ ಹುರಿದ ಶೇಂಗಾ ಸುಲಿದು ಸುಲಿದು ಅವಳ ಕೈಗೆ ಕೊಡುತ್ತಿದ್ದಳು. "ತಿನ್ನವ್ವಾ. ಗಂಡ ಹ್ವಾದ ಅಂತ ಹೊಟ್ಟಿ ಕೇಳತೈತೇನು?" ನೀಲಾಂಬಿಕಾ ತಿಂದಳು.

ಗುಡಿಸಲಿನ ಮೂಲೆಯಲ್ಲಿ ಹಸಿರು ಬಣ್ಣದ ಟ್ರಂಕಿತ್ತು. ಡಬ್ಬಿ ತೆರೆಯಿತು, ನನ್ನ ಪಕ್ಕದಿಂದ ಕೀಲಿಕೈ ಎದ್ದು ಹೋಯಿತು. ಆಮೇಲೆ ಕೇಳಿಸಿದ ಸಪ್ಪಳ ಬಹಳ ಸಣ್ಣದು. ಕೀಲಿ ತೆರೆದುಕೊಂಡಿತ್ತು. ಒಳಗೆ ಮಡಿಕೆ ಬಿಚ್ಚದ ಒಂದು ಅಂಗಿಯಿತ್ತು.

ದುರುಗವ್ವ ಅಳಲಿಲ್ಲ. ಕೀಲಿಯನ್ನೂ ನೀಲಾಂಬಿಕಾಳನ್ನೂ ನೋಡಿದಳು. "ಇಷ್ಟು ದೂರ ಬಂದು ನನ್ನ ಮಗನ್ನ ಕೊಂದೆಲ್ಲಾ! ಒಂದು ಸುಳ್ಳು ಹೇಳಾಕ ಬರ್ತಿದ್ದಿಲ್ಲೇನ ನಿನಗ?"

"ಗೊತ್ತಾದ ಮ್ಯಾಲೆ ಬರಂಗಿಲ್ಲ ಯವ್ವಾ."

ಮುದುಕಿ ಅವಳ ಕೆನ್ನೆಗೆ ಹೊಡೆದಳು. ಆಮೇಲೆ ಅವಳ ಹೆಗಲ ಮೇಲೆಯೇ ಕುಸಿದಳು.

ಅಧಿಕಾರಿಗಳು ಬಂದರು, ಹೊಲದ ಗುಂಡಿ ತೆರೆದರು, ಯಂಕೋಬ ತನ್ನೂರಿಗೆ ಹೋದ. ಓಣಿಯವರು ನೀಲಾಂಬಿಕಾಳ ಜೊತೆ ಮಾತು ಕಡಿಮೆ ಮಾಡಿದರು. ವಿಧವೆಯೊಡನೆ ಆಡುವ ಮಾತು ಬೇರೆ, ಮುತ್ತೈದೆಯೊಡನೆ ಬೇರೆ. ಇವಳೊಡನೆ ಯಾವುದು?

ಗುರುಶಾಂತಪ್ಪ ಒಳಗೆ ಬರಲಿಲ್ಲ. ಕಟ್ಟೆಯ ಕೆಳಗೆ ನಿಂತೇ ಕೇಳಿದ: "ಗುಂಡಿ ಹಂಗ ಬಿದ್ದದ. ಏನು ಮಾಡ್ಲಿ?"

"ಮುಚ್ಚಸ್ರಿ," ಅಂದಳು ಅವಳು. "ಅಲ್ಲಿ ಅವರಿಲ್ಲ. ಅಷ್ಟು ಗೊತ್ತಾತಲ್ಲ."

ನಾನೀಗ ಮುದುಕ. ಯಾರೂ ಉಜ್ಜದೆ ಮೈ ಗಟ್ಟಿಯಾಗಿದೆ, ಹಳದಿಯಾಗಿದೆ; ಉಜ್ಜಿದರೂ ಕಾಗದಕ್ಕೆ ಮಸಿ ಬಳಿಯುವೆನೇ ಹೊರತು ಅಳಿಸಲಾರೆ. ಚನ್ನವೀರ ಇದ್ದಿದ್ದರೆ ನಾನು ಎಂದೋ ಸವೆದು ಮುಗಿಯುತ್ತಿದ್ದೆ. ಅವನ ಹಾಗೆ ತಪ್ಪುತ್ತ, ಅಳಿಸುತ್ತ, ಆನೆಯನ್ನು ಕಿಟ್ಲಿ ಮಾಡಿಕೊಂಡು ನಗುತ್ತ ಬದುಕುವುದೇ ಸುಖವೆಂದು ನಂಬಿದ್ದೆ. ಈಗ ಹಾಗೆನ್ನಲು ನಾಲಿಗೆ ಏಳುವುದಿಲ್ಲ. ಕೀಲಿಕೈ ಇದ್ದ ಜಾಗ ಡಬ್ಬಿಯಲ್ಲಿ ಖಾಲಿ. ಹೊರಗೆ ಬಾಗಿಲ ಸಪ್ಪಳವಾಗುತ್ತದೆ. ನೀಲಾಂಬಿಕಾ ಏಳುತ್ತಾಳೆ.