ಎಮ್ಮೆಯ ಶೆಡ್ಡಿನಲ್ಲಿ ಹಡಗು

ಎಮ್ಮೆಯನ್ನು ಬಿಸಿಲಿಗೆ ಕಟ್ಟಿ ಹಡಗನ್ನು ನೆರಳಿಗೆ ಕಟ್ಟಿದ ಮನೆ ಉಗಾರ ಬುದ್ರುಕದಲ್ಲಿ ಒಂದೇ ಒಂದಿತ್ತು. ಅದು ಶಿವಗಂಗವ್ವನದು. ಮೂರು ವರ್ಷದಿಂದ ಅವಳ ಎಮ್ಮೆ ಬೋಳು ಬೇವಿನ ಗಿಡದ ಕೆಳಗೆ, ಬಿಸಿಲು ತಡೆಯದ ಹರಕು ತಾಡಪತ್ರಿಯಡಿ ನಿಂತಿತ್ತು. ತಗಡಿನ ಶೆಡ್ಡಿನೊಳಗೆ, ಎಮ್ಮೆಗೆಂದು ಹಾಕಿಸಿದ ಫ್ಯಾನಿನ ಗಾಳಿಯಲ್ಲಿ, ಅವಳ ಗಂಡ ಮುರಗೆಪ್ಪನ ಇಪ್ಪತ್ತಾರು ಫೂಟಿನ ಮೋಟಾರ್ ಯಾಟು ಹಾಯಾಗಿ ಮಲಗಿತ್ತು.

"ಹಾಲಿಲ್ಲ, ಸಗಣಿಲ್ಲ, ಫ್ಯಾನ್ ಮಾತ್ರ ಬೇಕ ಬೇಕು," ಎಂದು ಶಿವಗಂಗವ್ವ ಬಂದವರಿಗೆಲ್ಲ ಹೇಳುತ್ತಿದ್ದಳು.

ಮುರಗೆಪ್ಪ ಮೂವತ್ತಾರು ವರ್ಷ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ನಿವೃತ್ತಿಯಾದ ಮೇಲೆ ಆರು ತಿಂಗಳು ಕಟ್ಟೆಯ ಮೇಲೆ ಕೂತ. ಕಾರ್ಖಾನೆಯ ಭೋಂಗಾ ಕೂಗಿದಾಗಲೆಲ್ಲ ತಟ್ಟನೆ ಎದ್ದು ನಿಲ್ಲುವುದು, ಕಿಸೆಯಲ್ಲಿ ನಟ್ಟು ತಿರುವುವ ಪಾನಾ ತಡಕುವುದು, ಆಮೇಲೆ ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ನೋಡಿ ಮತ್ತೆ ಕೂರುವುದು. ಇದೇ ಅವನ ದಿನಚರಿಯಾಗಿತ್ತು. ಅಷ್ಟರಲ್ಲಿ ಯಾರದೋ ಮದುವೆಗೆಂದು ಮಾಲವಣಕ್ಕೆ ಹೋದವನು ಗುಜರಿಯವನ ಹಿತ್ತಲಲ್ಲಿ ಈ ಹಡಗನ್ನು ಕಂಡ. ಮುಂಬಯಿಯ ಯಾವನೋ ಶೇಟಜಿ ಐವತ್ತೆಂಟನೆಯ ಇಸವಿಯಲ್ಲಿ ಮಾಡಿಸಿದ್ದಂತೆ. ಅಪ್ಪಟ ಸಾಗವಾನಿ. ನೀರು ಬಿಟ್ಟು ಹತ್ತು ವರ್ಷವಾಗಿ ಒಣಗಿ ನಿಂತಿತ್ತು. ಮುರಗೆಪ್ಪ ಮದುವೆಯ ಊಟ ಬಿಟ್ಟ, ಹಡಗನ್ನು ಬಿಡಲಿಲ್ಲ. ನೆರೆಮನೆಯ ದುರಗಪ್ಪನ ಕಬ್ಬಿನ ಟ್ರ್ಯಾಲಿಯ ಮೇಲೆ ಹೇರಿಸಿ, ಘಟ್ಟ ಹತ್ತಿಸಿ, ನಿಪ್ಪಾಣಿಯ ಪೇಟೆಯಲ್ಲಿ ಅರ್ಧ ಗಂಟೆ ಸಂಚಾರ ನಿಲ್ಲಿಸಿ ಊರಿಗೆ ತಂದ.

ಅಂದಿನಿಂದ ಅವನು ಕಟ್ಟೆಯ ಮೇಲೆ ಕೂರಲಿಲ್ಲ. ಏಳು ಪದರ ಬಣ್ಣ ಕೆರೆದ. ತುಕ್ಕು ಹಿಡಿದ ಮೊಳೆಗಳನ್ನು ಒಂದೊಂದಾಗಿ ಕಿತ್ತು ಹಿತ್ತಾಳೆಯ ಸ್ಕ್ರೂ ಹಾಕಿದ. ಸತ್ತುಹೋಗಿದ್ದ ಎಂಜಿನ್ನಿನ ಜಾಗದಲ್ಲಿ ಬಾವಿಯ ಡೀಸೆಲ್ ಪಂಪಿನ ಎಂಜಿನ್ ಕೂಡಿಸಿ, ಹಳೆಯ ಕಾರಿನ ಸ್ಟೇರಿಂಗ್ ಜೋಡಿಸಿದ. ಅವನ ಗುರು ಮೊಬೈಲಿನೊಳಗಿನ ಒಬ್ಬ ಬಿಳಿಗಡ್ಡದ ದೊರೆ. ದೊರೆ ಇಂಗ್ಲಿಷಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದ. ಮುರಗೆಪ್ಪನಿಗೆ ಮಾತು ತಿಳಿಯುತ್ತಿರಲಿಲ್ಲ, ಕೈ ಮಾತ್ರ ತಿಳಿಯುತ್ತಿತ್ತು. ದೊರೆ ಹಲಗೆಗಳ ಸಂದಿಗೆ ಹತ್ತಿ ತುರುಕಿದ; ಮುರಗೆಪ್ಪ ಹೆಂಡತಿಯ ದೀಪದ ಬತ್ತಿಯ ಹತ್ತಿಯನ್ನೆಲ್ಲ ತಂದು ತುರುಕಿದ. ದೊರೆ ಎಣ್ಣೆ ಹಾಕಿ ಸಂದಿ ಮೆತ್ತುವ ಲಪ್ಪ ಕಲಸಿದ. ಇವನು ಅಡುಗೆಮನೆಯ ಅಗಸೆ ಎಣ್ಣೆಯ ಡಬ್ಬಿ ಖಾಲಿ ಮಾಡಿದ.

ದೊರೆಯನ್ನು ದಿನಾ ಕೇಳುತ್ತಿದ್ದ ಈ ಮನುಷ್ಯ ಹೆಂಡತಿಯನ್ನು ಒಂದೇ ಒಂದು ಮಾತು ಕೇಳಲಿಲ್ಲ. ಕೇಳಬೇಕಾಗಿತ್ತು. ಶಿವಗಂಗವ್ವ ಏಕಸಂಬಿಯ ಬಡಿಗೇರ ವಿರುಪಾಕ್ಷಪ್ಪನ ಮಗಳು. ಗಂಡನ ಮನೆಯವರು ಕಂಬಾರರು. ಇವರು ಕಬ್ಬಿಣದವರು, ಅವರು ಕಟ್ಟಿಗೆಯವರು. ವಿರುಪಾಕ್ಷಪ್ಪನ ಚಕ್ಕಡಿಗಾಲಿಗೆ ಸುತ್ತಲಿನ ಊರಲ್ಲೆಲ್ಲ ಹೆಸರಿತ್ತು. ಬೇಸಿಗೆಯಲ್ಲಿ ಗಾಲಿಯ ಕಟ್ಟಿಗೆ ಒಣಗಿ ಕುಗ್ಗಿ, ಸುತ್ತಲಿನ ಕಬ್ಬಿಣದ ಹಳಿ ಸಡಿಲಾಗಿ ಕಳಚುತ್ತದೆ. ಆಗ ಗಾಲಿಯನ್ನು ನಾಲ್ಕು ದಿನ ಕೆರೆಯ ನೀರಿನಲ್ಲಿ ಕೆಡವಬೇಕು. ಕಟ್ಟಿಗೆ ನೀರು ಕುಡಿದು ಉಬ್ಬಿ ತಾನೇ ಬಿಗಿದುಕೊಳ್ಳುತ್ತದೆ. ಚಿಕ್ಕವಳಿದ್ದಾಗ ಶಿವಗಂಗವ್ವ ತಮ್ಮ ಭಾವುಸಾಹೇಬನ ಜೊತೆ ಎಷ್ಟು ಗಾಲಿ ಉರುಳಿಸಿಕೊಂಡು ಹೋಗಿ ಕೆರೆಗೆ ಕೆಡವಿದ್ದಳೋ, ಲೆಕ್ಕವಿಲ್ಲ.

ಒಂದು ದಿನ ಚಹಾ ಕೊಡಲು ಹೋದವಳು ಸುಮ್ಮನೆ ಹಡಗಿನ ಹೊಟ್ಟೆಗೆ ಬೆರಳಿನ ಗೆಣ್ಣಿನಿಂದ ಕುಟ್ಟಿದಳು. ಟಣ್ ಎಂದಿತು. ಅವಳಿಗೆ ತಿಳಿದುಹೋಯಿತು. ಕಟ್ಟಿಗೆ ಸುಟ್ಟ ಹಪ್ಪಳದಷ್ಟು ಒಣಗಿತ್ತು. ಎಷ್ಟೇ ಹತ್ತಿ ತುರುಕಲಿ, ಇದನ್ನು ಸೀದಾ ಹೊಳೆಗೆ ಇಳಿಸಿದರೆ ಹತ್ತು ನಿಮಿಷದಲ್ಲಿ ತಳ ಕಾಣುತ್ತದೆ. ದೊರೆ ಇದನ್ನೂ ಹೇಳಿರಬೇಕು, ಆದರೆ ಬಾಯಿಂದ ಹೇಳಿದ್ದ, ಕೈಯಿಂದ ಹೇಳಿರಲಿಲ್ಲ. ಶಿವಗಂಗವ್ವ ಚಹಾ ಇಟ್ಟು ಹೊರಟಳು. ಕೇಳದವರಿಗೆ ತಾನೇಕೆ ಹೇಳಬೇಕು? ಹಿತ್ತಲ ಗಿಡ ಮದ್ದಲ್ಲ ಅಂತಾರೆ, ನೋಡೋಣ. ಮೇಲಾಗಿ ಹಡಗು ಮುಳುಗಿದರೆ ಶೆಡ್ಡು ಖಾಲಿಯಾಗುತ್ತದೆ.

ಶಿವರಾತ್ರಿ ಕಳೆದ ರವಿವಾರ ಭಾವುಸಾಹೇಬ ಬಂದ. ಚಿಕ್ಕೋಡಿಯಲ್ಲಿ ಅವನದು ಫರ್ನಿಚರ್ ಅಂಗಡಿ. ಹಡಗಿನ ಸುತ್ತ ಒಂದು ಸುತ್ತು ಬಂದು, ಅವನೂ ಗೆಣ್ಣಿನಿಂದ ಹೊಟ್ಟೆಗೆ ಕುಟ್ಟಿದ. ಟಣ್. ಅಕ್ಕನ ಕಡೆ ನೋಡಿ ಕಣ್ಣು ಹೊಡೆದ. ಆಮೇಲೆ ಭಾವನ ಕಡೆ ತಿರುಗಿದ.

"ದಾಜೀ, ಮುಂದಿನ ರವಿವಾರ ಇಳಸ್ತೀರೇನ ನೀರಿಗೆ?"

"ಇಳಸಾಂವ ಇಳಸಾಂವ! ಇನ್ನೊಂದ ಕೋಟ ವಾರ್ನಿಸ್ ಆತಂದ್ರ ಮುಗೀತು."

"ಮುಳಗಿದ್ರ?"

"ನನ್ನ ಹಡಗ ಮುಳಗೂದಿಲ್ಲ ಲೇ."

"ಮುಳಗಿದ್ರ ಕಟಗಿ ಎಲ್ಲಾ ನಂದು. ತೇಲಿದ್ರ ಒಳಗ ಕುಂಡ್ರಾಕ ಪುಕ್ಕಟೆ ಗಾದಿ ಹಾಕಿಸಿ ಕೊಡತೀನಿ. ದುರಗಪ್ಪ ಸಾಕ್ಷಿ. ಪಕ್ಕಾ?"

"ಪಕ್ಕಾ!" ಎಂದು ಮುರಗೆಪ್ಪ ಮೀಸೆ ತಿರುವಿದ. ಕೊಟ್ಟ ಮಾತು ಕಬ್ಬಿಣದ್ದು ಎನ್ನುವ ಮನೆತನ. ಬೇಲಿಯಾಚೆ ನಿಂತಿದ್ದ ದುರಗಪ್ಪ ಗಂಟಲು ಸರಿಪಡಿಸಿಕೊಂಡು ಸಾಕ್ಷಿಯಾದ.

ಹೋಗುವಾಗ ಭಾವುಸಾಹೇಬ ಓಣಿಯಲ್ಲಿ ನಿಂತು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: "ಅರವತ್ತ ವರ್ಷದ್ದ ಜುನಾ ಸಾಗವಾನಿ ಐತ್ರಿ ಸಾಹೇಬ್ರ. ನಾಕ ಟೀವಿ ಸ್ಟ್ಯಾಂಡ, ಎರಡ ದಿವಾಣ ಆಗತಾವ. ಬರೂ ರವಿವಾರ ಕಳದ ಸೋಮವಾರ ಅಂಗಡಿಗೆ ಬಂದ ನೋಡ್ರಿ." ಮುಸುರೆ ಚೆಲ್ಲಲು ಬಂದಿದ್ದ ಶಿವಗಂಗವ್ವನನ್ನು ಕಂಡು ಫೋನ್ ಕಿಸೆಗಿಟ್ಟು ಹಲ್ಲು ಕಿರಿದ.

"ಅಕ್ಕಾ, ನೀ ಸುಮ್ಮ ಇರು. ನಿನಗ ಶೆಡ್ಡು, ನನಗ ಕಟಗಿ."

ಅವಳಿಗೆ ಮೈಯೆಲ್ಲ ಉರಿಯಿತು. ತಮ್ಮನ ಮೇಲಿನ ಸಿಟ್ಟಿಗಿಂತ, ತಾನೂ ಅವನ ಪಾಲುದಾರಳಾಗಿ ಬಿಟ್ಟೆನಲ್ಲ ಎಂಬ ಸಿಟ್ಟು ಹೆಚ್ಚು. ಗಂಡನನ್ನು ಅವಳು ಬೈಯಬಹುದು, ಅಣಕಿಸಬಹುದು. ಮೂವತ್ತು ವರ್ಷ ಬಾಳ್ವೆ ಮಾಡಿ ಗಳಿಸಿದ ಹಕ್ಕು ಅದು. ಇನ್ನೊಬ್ಬ ನಗುವುದೆಂದರೇನು? ಅದೇ ಹೊತ್ತಿಗೆ ಭೋಂಗಾ ಕೂಗಿತು. ಶೆಡ್ಡಿನೊಳಗೆ ಮರಳಹಾಳೆ ತಿಕ್ಕುತ್ತಿದ್ದ ಮುರಗೆಪ್ಪ ತಲೆ ಕೂಡ ಎತ್ತಲಿಲ್ಲ. ಏನೋ ಗುನುಗುತ್ತ ತಿಕ್ಕುತ್ತಲೇ ಇದ್ದ. ಈ ಹಡಗು ಟೀವಿ ಸ್ಟ್ಯಾಂಡ್ ಆದರೆ ಈ ಮನುಷ್ಯ ಮತ್ತೆ ಕಟ್ಟೆಯ ಮೇಲೆ ಕೂತು ಭೋಂಗಾಕ್ಕೆ ಎದ್ದೆದ್ದು ನಿಲ್ಲುತ್ತಾನೆ. ಶಿವಗಂಗವ್ವನಿಗೆ ನಿಜವಾಗಿ ಹೆದರಿಕೆಯಾಯಿತು.

ಹಾಗೆಂದು ಹೋಗಿ ಹೇಳುವುದು ಹೇಗೆ? ಮೂರು ವರ್ಷ ಆ ಹಡಗಿಗೆ "ಹೆಣದ ಪೆಟ್ಟಿಗಿ" ಎಂದವಳು ಈಗ ಅದಕ್ಕೆ ಔಷಧಿ ಹೇಳಿದರೆ ಮುಖ ಎಲ್ಲಿಡಬೇಕು? ಹೇಳಿದರೂ ಮುರಗೆಪ್ಪ ಬಿಳಿಗಡ್ಡದವನನ್ನು ತೆರೆದು ತೋರಿಸಿ, "ಇಂವಾ ಹಂಗ ಮಾಡಿಲ್ಲಲ್ಲ" ಅನ್ನುತ್ತಾನೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಮರುದಿನ ಮುರಗೆಪ್ಪ ವಾರ್ನಿಶ್ ತರಲು ಅಥಣಿಗೆ ಹೋದ. ಅವನ ಬಸ್ಸು ಊರು ದಾಟಿದ್ದೇ ತಡ, ಶಿವಗಂಗವ್ವ ಎಮ್ಮೆಯನ್ನು ಬಿಚ್ಚಿ ತಂದು ಶೆಡ್ಡಿನ ಬಾಗಿಲಿಗೇ ಕಟ್ಟಿದಳು. ಬೋರಿನ ಪೈಪನ್ನು ಹಡಗಿನೊಳಗೆ ಬಿಟ್ಟು ಮೊಣಕಾಲುದ್ದ ನೀರು ತುಂಬಿದಳು. ಅದಕ್ಕಿಂತ ಹೆಚ್ಚಿಗೆ ತುಂಬಿದರೆ ಭಾರಕ್ಕೆ ಒಡೆದೀತು ಎಂದು ಅಲ್ಲಿಗೇ ನಿಲ್ಲಿಸಿದಳು. ಹೊರಮೈಗೆ ಹಸಿ ಗೋಣಿಚೀಲಗಳನ್ನು ಹೊದಿಸಿದಳು. ಗಂಡನ ಸುತ್ತಿಗೆ, ಉಳಿ, ಲಪ್ಪದ ಡಬ್ಬಿ ಮೂರನ್ನೂ ಜೋಳದ ಕಣಜದಲ್ಲಿ ಹುಗಿದಳು.

ಮಧ್ಯಾಹ್ನ ಮುರಗೆಪ್ಪ ಬಂದು ನೋಡಿದರೆ ಶೆಡ್ಡಿನಿಂದ ಅಂಗಳಕ್ಕೆ ಕಾಲುವೆ ಹರಿಯುತ್ತಿತ್ತು. ಹಡಗಿನ ಹೊಟ್ಟೆಯ ಉದ್ದಕ್ಕೂ ನೀರು ಜರಡಿಯಿಂದ ಸುರಿದಂತೆ ಸುರಿಯುತ್ತಿತ್ತು.

"ಏನ ಮಾಡೀದೇ ಇದನ್ನ!"

"ಎಮ್ಮಿಗೆ ನೀರ ಇಟ್ಟೇನಿ," ಎಂದಳು ಶಿವಗಂಗವ್ವ, ಮೆಂತೆಸೊಪ್ಪು ಸೋಸುತ್ತ. "ಶೆಡ್ಡೂ ಅದರದ, ಶೆಡ್ಡಿನ್ಯಾಗಿನ ಬಾನೀನೂ ಅದರದ. ರವಿವಾರಕ್ಕ ಹೆಂಗೂ ಒಯ್ತೀರಿ, ಅಲ್ಲೀತನಾ ಕುಡೀಲಿ."

"ಅದು ಬಾನಿ ಅಲ್ಲಬೇ, ಯಾಟು! ನೋಡ ಹೆಂಗ ಸೋರಾಕತ್ತೈತಿ!"

"ಸೋರತೈತಿ ಅಂತ ಈಗರ ಗೊತ್ತಾತಲ್ಲ."

ಅವನು ವಾರ್ನಿಶ್ ಡಬ್ಬಿ ಕೆಳಗಿಟ್ಟು ಕೂತ. ಮೂರು ವರ್ಷದ ದುಡಿಮೆ ಅವನ ಕಾಲ ಕೆಳಗೇ ಹರಿದು ಕೊತ್ತಂಬರಿ ಮಡಿಗೆ ಸೇರುತ್ತಿತ್ತು. ಶಿವಗಂಗವ್ವ ಮೆಂತೆಸೊಪ್ಪು ಬಿಟ್ಟು ಅವನ ಮುಖ ನೋಡಿದಳು. ಒಂದು ಕ್ಷಣ ಎಲ್ಲ ಹೇಳಿಬಿಡಲೇ ಎನಿಸಿತು. ಅಷ್ಟರಲ್ಲಿ ಅವನು ಎದ್ದು, "ಸುತ್ತಿಗಿ ಎಲ್ಲೈತಿ? ಇನ್ನೂ ಹತ್ತಿ ಬಡೀಬೇಕು, ಗಚ್ಚಂಗ ಬಡೀಬೇಕು," ಎಂದು ಹೊರಟ. ಉಬ್ಬಲಿರುವ ಕಟ್ಟಿಗೆಯ ಸಂದಿಗೆ ಇನ್ನೂ ಬಡಿದರೆ ಹಲಗೆಗಳು ಒಂದನ್ನೊಂದು ನೂಕಿ ಹಡಗಿನ ಪಕ್ಕೆಲುಬು ಮುರಿಯುತ್ತವೆ. ಶಿವಗಂಗವ್ವ ಹೇಳುವ ಆಸೆಯನ್ನು ನುಂಗಿದಳು. ಸುತ್ತಿಗೆ ಸಿಗಲಿಲ್ಲ. ಕೈಯಿಂದಲೇ ತುರುಕುತ್ತೇನೆ ಎಂದು ಶೆಡ್ಡಿಗೆ ನುಗ್ಗಿದರೆ ಎಮ್ಮೆ ಕೋಡು ಬೀಸಿತು. ಮೂರು ವರ್ಷ ಬಿಸಿಲಿಗೆ ಕಟ್ಟಿದವನನ್ನು ಅದು ಮರೆತಿರಲಿಲ್ಲ. ಅವನು ಎರಡು ಸಲ ನುಗ್ಗಿ ಎರಡು ಸಲ ಹಿಂದೆ ಹಾರಿದ.

ಅವಳು ಮಾತ್ರ ಹೊತ್ತು ಹೊತ್ತಿಗೆ ನೀರು ಬಿಡುತ್ತಿದ್ದಳು, ಗೋಣಿಚೀಲ ತೋಯಿಸುತ್ತಿದ್ದಳು. ಬುಧವಾರದ ಹೊತ್ತಿಗೆ ಕಾಲುವೆ ನಿಂತು ಬರೀ ಹನಿಯಾಯಿತು. ಗುರುವಾರ ಮುರಗೆಪ್ಪ ಬೇಲಿಯ ಬಳಿ ಬಗ್ಗಿ ಹನಿ ಎಣಿಸುತ್ತಿದ್ದ. ಶುಕ್ರವಾರ ಎಣಿಸಲು ಹನಿಯೇ ಇರಲಿಲ್ಲ. ಒಳಗಿನ ನೀರು ಮೊಣಕಾಲುದ್ದ ಹಾಗೇ ನಿಂತಿತ್ತು, ಅದರಲ್ಲಿ ಎಮ್ಮೆಯ ಮುಖ ಕಾಣುತ್ತಿತ್ತು.

"ನೋಡಿದೇನ!" ಎಂದು ಮುರಗೆಪ್ಪ ಕುಣಿದುಬಿಟ್ಟ. "ನನ್ನ ಲಪ್ಪ ಈಗ ಸೆಟ್ ಆತು! ಲಪ್ಪ ಅಂದ್ರ ಹಂಗ, ಟೈಮ್ ತಗೋತೈತಿ."

"ಹೌದ್ರಿ, ಲಪ್ಪ ಭಾರಿ ಐತಿ," ಎಂದಳು ಶಿವಗಂಗವ್ವ. ನಗು ತಡೆಯಲಾರದೆ ಕೊಡ ತರುವ ನೆಪದಲ್ಲಿ ಒಳಗೆ ಹೋದಳು.

ಶನಿವಾರ ನೀರು ಬಸಿದು, ಹೊರಮೈ ಒರೆಸಿ, ಸಂಜೆಯ ಹೊತ್ತಿಗೆ ದುರಗಪ್ಪನ ಟ್ರ್ಯಾಲಿಗೆ ಹೇರಿದರು. ಹಸಿ ಗೋಣಿಚೀಲ ಮತ್ತೆ ಹೊದಿಸಿರಿ, ಬಣ್ಣಕ್ಕೆ ಕೆರೆತ ಬೀಳುವುದಿಲ್ಲ ಎಂದು ಶಿವಗಂಗವ್ವ ಹೇಳಿದಳು. ಹೆಂಡತಿಗೆ ಬಣ್ಣದ ಮೇಲೆ ಇಷ್ಟು ಕಾಳಜಿ ಹುಟ್ಟಿದ್ದಕ್ಕೆ ಮುರಗೆಪ್ಪ ಬೆರಗಾದ.

ರವಿವಾರ ಬೆಳಿಗ್ಗೆ ಕೃಷ್ಣೆಯ ದಂಡೆಯಲ್ಲಿ ಜನವೋ ಜನ. ಭಾವುಸಾಹೇಬ ಕಟ್ಟಿಗೆ ಒಯ್ಯಲು ಪಿಕಪ್ ಗಾಡಿಯನ್ನೇ ತಂದಿದ್ದ, ಜೊತೆಗೆ ಹಗ್ಗವನ್ನೂ. ಅಕ್ಕನಿಗೆ ಮತ್ತೊಮ್ಮೆ ಕಣ್ಣು ಹೊಡೆದ. ಅವಳು ಕಾಣದವಳಂತೆ ಹೊಳೆಗೆ ಅರಿಷಿಣ ಕುಂಕುಮ ಏರಿಸಿದಳು.

ಟ್ರ್ಯಾಲಿ ಹಿಮ್ಮುಖವಾಗಿ ನೀರಿಗಿಳಿಯಿತು. ಹಡಗು ಅಲುಗಿತು, ಜಾರಿತು, ಒಂದು ಸಲ ಎಡಕ್ಕೆ ವಾಲಿ ಜನರ ಜೀವ ಬಾಯಿಗೆ ತಂದು ನೆಟ್ಟಗೆ ನಿಂತಿತು. ಹತ್ತು ನಿಮಿಷವಾಯಿತು. ಭಾವುಸಾಹೇಬ ಗಡಿಯಾರ ನೋಡಿದ. ಇಪ್ಪತ್ತು ನಿಮಿಷವಾಯಿತು. ಅವನು ಪ್ಯಾಂಟು ಮಡಚಿ, ತಾನೇ ಹತ್ತಿ, ತಳದ ಹಲಗೆ ಎತ್ತಿ ಕೈಯಾಡಿಸಿದ. ಒಣ ಕೈ ಹೊರಬಂತು. ಬಗ್ಗಿ ಗೆಣ್ಣಿನಿಂದ ಕುಟ್ಟಿದ. ಡಬ್ ಎಂದಿತು. ನೀರು ಕುಡಿದ ಕಟ್ಟಿಗೆಯ ದನಿ ಅದು. ಅವನು ನಿಧಾನ ತಲೆಯೆತ್ತಿ ದಂಡೆಯ ಮೇಲಿದ್ದ ಅಕ್ಕನನ್ನು ನೋಡಿದ.

"ಅಕ್ಕಾ..."

"ಗಾದಿಗೆ ಹಸರ ಬಟ್ಟಿ ಹಾಕಸೋ ತಮ್ಮಾ," ಎಂದಳು ಶಿವಗಂಗವ್ವ. ದುರಗಪ್ಪ ಸಾಕ್ಷಿಯಾಗಿ ಸೀಟಿ ಹೊಡೆದ.

ಮುರಗೆಪ್ಪ ಎಂಜಿನ್ ಶುರು ಮಾಡಿ, ಅರ್ಧ ಊರನ್ನು ಪಾಳಿಯಂತೆ ಕೂರಿಸಿಕೊಂಡು ಹೊಳೆಯಲ್ಲಿ ತಿರುಗಿಸಿದ. ಎಲ್ಲರಿಗೂ ತನ್ನ ಲಪ್ಪದ ಮಹಿಮೆ ಹೇಳಿದ. ಮಧ್ಯಾಹ್ನ ಜನ ಕರಗಿದ ಮೇಲೆ ದಂಡೆಗೆ ಹಚ್ಚಿ ಹೇಳಿದ: "ದುರಗಪ್ಪಾ, ಟ್ರ್ಯಾಲಿ ತಾ. ಶೆಡ್ಡಿಗೆ ಒಯ್ಯೂಣು. ಇನ್ನ ರವಿವಾರಕ್ಕೊಮ್ಮಿ ತಂದ ಬಿಡೂದು."

"ಒಯ್ಯಬ್ಯಾಡ್ರಿ," ಎಂದಳು ಶಿವಗಂಗವ್ವ.

"ಯಾಕ?"

"ದಂಡಿಗೆ ತಗದ್ರ ಮತ್ತ ಒಣಗತೈತಿ. ಒಣಗಿದ್ರ ಸಂದಿ ಬಾಯಿ ಬಿಡತಾವ. ಕಟಗಿ ನೀರ ಕುಡದ ಉಬ್ಬಿ ಬಿಗದೈತಿ, ನಿಮ್ಮ ಲಪ್ಪದಿಂದ ಅಲ್ಲ. ಇನ್ನ ಇದು ನೀರಾಗ ಇರಬೇಕು."

ಮುರಗೆಪ್ಪ ಭಾವುಸಾಹೇಬನ ಕಡೆ ನೋಡಿದ. ಹಗ್ಗ ಸುತ್ತುತ್ತಿದ್ದ ಭಾವುಸಾಹೇಬ ಒಲ್ಲದ ಮನಸ್ಸಿನಿಂದ ತಲೆಯಾಡಿಸಿದ. "ಖರೇ ಐತಿ ದಾಜಿ. ನಮ್ಮಪ್ಪ ಗಾಲಿ ಹಂಗ ನೆನಸತಿದ್ದ."

ಮುರಗೆಪ್ಪ ಎಮ್ಮೆಯನ್ನು ನೆನೆದ, ಗೋಣಿಚೀಲ ನೆನೆದ, ಸಿಗದ ಸುತ್ತಿಗೆ ನೆನೆದ. ಅವನ ಮೀಸೆ ಇಳಿದುಹೋಯಿತು.

"ನಿನಗ ಮೊದಲ ಗೊತ್ತಿತ್ತು."

"ಗೊತ್ತಿತ್ತು."

"ಮೂರು ವರ್ಷ ಒಂದ ಮಾತ ಹೇಳಲಿಲ್ಲ?"

"ಮೂರು ವರ್ಷ ಆ ಗಡ್ಡದವನ್ನ ಕೇಳಿದ್ರಿ. ನನ್ನ ಒಂದ ಮಾತ ಕೇಳಿದ್ರೇನ?"

ಹಾಸ್ಯಕ್ಕೆಂದು ಶುರು ಮಾಡಿದ ಮಾತು. ಮುಗಿಯುವ ಹೊತ್ತಿಗೆ ಅದು ಹಾಸ್ಯವಾಗಿ ಉಳಿದಿರಲಿಲ್ಲ. ಅವಳಿಗೇ ಆಶ್ಚರ್ಯವಾಯಿತು. ದುರಗಪ್ಪ ಟ್ರ್ಯಾಕ್ಟರಿನ ಗಾಲಿಯಲ್ಲಿ ಏನೋ ಹುಡುಕತೊಡಗಿದ. ಮುರಗೆಪ್ಪ ಪಕ್ಕದ ಹಲಗೆಯನ್ನು ಹೆಗಲ ವಸ್ತ್ರದಿಂದ ಒರೆಸಿದ. ಆಮೇಲೆ ಎದ್ದು ಕೈ ಚಾಚಿ ಅವಳನ್ನು ಹಡಗಿಗೆ ಹತ್ತಿಸಿಕೊಂಡ. ಬೆಳಿಗ್ಗೆಯಿಂದ ಅರ್ಧ ಊರು ಕೂತಿತ್ತು, ಅವಳು ಕೂತಿರಲಿಲ್ಲ. ಎಂಜಿನ್ ಗುಡುಗುಡು ಎಂದಿತು. ನಡು ಹೊಳೆಗೆ ಬಂದಾಗ ಅವನು ವೇಗ ಇಳಿಸಿ, ಮುಂದೆ ನೋಡುತ್ತಲೇ ಕೇಳಿದ.

"ಎತ್ತಾಗ ಹೋಗೂಣು? ನೀ ಹೇಳು."

ಶಿವಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಳೆಯ ಉದ್ದಕ್ಕೂ ಒಮ್ಮೆ ನೋಡಿದಳು.

"ಶೆಡ್ಡಿನ ಕಡೆ ಒಂದ ಬಿಟ್ಟ, ಎತ್ತಾಗರ ನಡೀರಿ," ಎಂದಳು.