ಕಚ್ಚಿಟ್ಟ ರೊಟ್ಟಿ

ಒಂಟೆಯ ಮೂತಿಯ ಕೂದಲಿಗೆಲ್ಲ ಹಿಮ ಕಟ್ಟಿದೆ, ಅದಕ್ಕೆ ಹೊದಿಸಿದ ಕೆಂಪು ಜಮಖಾನದ ಒಂದು ತುದಿಯನ್ನು ಯಜಮಾನ ತಾನೇ ಹೊದ್ದು ಕೂತಿದ್ದಾನೆ, ಈ ಚಳಿಯಲ್ಲಿ ಖೀವಾಕ್ಕೆ ಬಂದು ಒಂಟೆಯ ಪಕ್ಕ ಫೋಟೊ ತೆಗೆಸಿಕೊಳ್ಳುವವರು ಯಾರು, ಆದರೂ ಕೂತಿದ್ದಾನೆ, ಕಾಯುವುದೇ ಕೆಲಸವಾದವರು ಹೀಗೇ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು — ಏನು ಸಾದತ್, ಈ ಗಾಳೀಲಿ ಎಲ್ಲಿಗೆ ಹೊರಟೆ, ಅಂತಾನೆ, ಅಂಗಡಿಗೆ ಅನ್ನುತ್ತೇನೆ, ಕೋಟಿನೊಳಗೆ ಎದೆಗೆ ಒತ್ತಿಕೊಂಡಿರುವುದು ಅವನಿಗೆ ಕಾಣುವುದಿಲ್ಲ, ರೊಟ್ಟಿ, ಹೆಂಚಿನಷ್ಟು ಗಟ್ಟಿ, ಉಸಿರೆಳೆದಾಗೆಲ್ಲ ಪಕ್ಕೆಗೆ ಚುಚ್ಚುತ್ತದೆ. ಐದು ವರ್ಷದ ಹಿಂದೆ ನನ್ನ ಗಂಡ ಮತ್ಯಾಕುಬ್ ಕಟ್ಟಡದ ಕೆಲಸ ಅಂತ ರಷ್ಯಾಕ್ಕೆ ಹೊರಟ ಬೆಳಿಗ್ಗೆ ನಾನೇ ತಟ್ಟಿ, ನನ್ನ ತಾಯಿ ಕೊಟ್ಟ ಅಚ್ಚು ಒತ್ತಿ, ಅಂಗಳದ ಒಲೆಯಲ್ಲಿ ಸುಟ್ಟೆ, ಹೊಸ್ತಿಲಲ್ಲಿ ನಿಂತು ಒಂದೇ ಒಂದು ಸಲ ಕಚ್ಚಿ ಹೋದ, ಉಳಿದದ್ದು ಗೋಡೆಗೇರಿತು, ಯಾರ ಮನೆಯಲ್ಲಿ ಮಾಡುವುದಿಲ್ಲ ಇದನ್ನು, ಹೊರಟವನ ಪಾಲಿನ ಅನ್ನ ಮನೆಯಲ್ಲಿ ಉಳಿದಿದ್ದರೆ ಅದೇ ಅವನನ್ನು ಎಳೆದು ತರುತ್ತದೆ, ಬಂದವನು ಅದನ್ನು ಪೂರ್ತಿ ತಿಂದು ಮುಗಿಸಬೇಕು, ಅಲ್ಲಿಯವರೆಗೆ ಯಾರೂ ಮುಟ್ಟುವ ಹಾಗಿಲ್ಲ. ರೊಟ್ಟಿ ಗೋಡೇಲಿದ್ರೆ ಗಂಡ ಇದಾನೆ ಅಂತ ತಿಳ್ಕೋ ಮಗಳೇ, ಅಂದರು ಅತ್ತೆ. ತಿಳಿದುಕೊಂಡೆ, ಐದು ವರ್ಷ ಅದರ ಕೆಳಗೆ ನಿಂತು ಅಂಗೈ ಚಾಚಿ ಬೇಡಿಕೊಂಡೆ, ದೇವರೇ, ಇದನ್ನು ಕಚ್ಚಿದವರನ್ನು ಸುಖವಾಗಿ ಮನೆ ಮುಟ್ಟಿಸು.

ಬಿಸಿಲಿದೆ, ಬೆಚ್ಚಗಿಲ್ಲ, ಮೋಟು ಮಿನಾರಿನ ನೀಲಿ ಹೆಂಚು ಕಣ್ಣಿಗೆ ಹೊಡೆಯುತ್ತದೆ, ಕಟ್ಟಿಸಲು ಹೊರಟವನು ಸತ್ತ, ಅದು ಅರ್ಧಕ್ಕೇ ನಿಂತಿತು, ಆ ಅರ್ಧವನ್ನು ನೋಡಲು ಜಗತ್ತೇ ಬರುತ್ತದೆ, ನನ್ನ ಅರ್ಧವನ್ನೂ ನೋಡುತ್ತಿತ್ತಲ್ಲ, ಅತ್ತೆ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟ ಮೇಲೆ ಬಂದವರಿಗೆಲ್ಲ ತೋರಿಸುವುದೇ ಅದು, ಇದು ನನ್ನ ಮಗ ಕಚ್ಚಿಟ್ಟ ರೊಟ್ಟಿ, ಇವಳು ಕಾಯ್ತಾ ಇರೋ ಸೊಸೆ, ಅವರೆಲ್ಲ ಅಯ್ಯೋ ಅಂತ ನನ್ನ ಕಡೆ ತಿರುಗುವುದು, ನಾನು ಚಹಾದ ತಟ್ಟೆ ಹಿಡಿದು ನಾಚಿದ ಹಾಗೆ ನಿಲ್ಲುವುದು. ಅಗೋ ಅಲ್ಲಿ ಹೋಗುತ್ತಿದ್ದಾಳೆ ಕೆಂಪು ಟೋಪಿಯವಳು, ನಮ್ಮ ಮನೆಯ ಅತಿಥಿ, ನಕ್ಷೆ ಹಿಡಿದು ಒಂದೊಂದು ಬಾಗಿಲನ್ನೂ ಸವರಿ ನೋಡುತ್ತ, ಈ ಕೋಟೆಯೊಳಗೆ ಒಬ್ಬರನ್ನು ತಪ್ಪಿಸಿಕೊಂಡು ಓಡಾಡುವುದು ಸಾಧ್ಯವೇ ಇಲ್ಲ, ಎಡಕ್ಕೆ ತಿರುಗಿದರೂ ಗೋಡೆ, ಬಲಕ್ಕೆ ತಿರುಗಿದರೂ ಗೋಡೆ — ಕೈ ಬೀಸುತ್ತಾಳೆ, ಒಳ್ಳೆಯವಳು, ಅವಳದೇನು ತಪ್ಪು. ಬೆಳಿಗ್ಗೆ ಅತ್ತೆ ಯಾರದೋ ಸಾವಿನ ಮನೆಗೆ ಹೋಗಿದ್ದರು, ಇವಳು ಗೋಡೆ ತೋರಿಸಿ ಹತ್ತಿರದಿಂದ ನೋಡಲಾ ಅಂತ ಸನ್ನೆ ಮಾಡಿದಳು, ನನಗೇನು ಕೆಟ್ಟ ಬುದ್ಧಿಯೋ, ಏಣಿ ಹಾಕಿ ಇಳಿಸಿಕೊಟ್ಟೆ, ಕೆಳಗಿನಿಂದ ಯಾವತ್ತೂ ಕಾಣುತ್ತಿದ್ದದ್ದೇ, ಕಚ್ಚಿದ ಜಾಗ, ನಡುವೆ ನಾಲಿಗೆಯ ಹಾಗೆ ಉಳಿದ ಒಂದು ಚೂರು, ಮತ್ಯಾಕುಬ್‌ನ ಮುಂದಿನ ಹಲ್ಲು ಮುರಿದಿತ್ತಲ್ಲ, ಗೆಳೆಯನ ಮದುವೆಯಲ್ಲಿ ಹಲ್ಲಿನಿಂದ ಬಾಟಲಿಯ ಮುಚ್ಚಳ ಕೀಳಲು ಹೋಗಿ, ಅವನು ಏನು ಕಚ್ಚಿದರೂ ನಡುವೆ ಆ ನಾಲಿಗೆ ಉಳಿಯಬೇಕು. ಅವಳು ತನ್ನ ಎರಡು ಬೆರಳು ಆ ಜಾಗದಲ್ಲಿಟ್ಟು ನಕ್ಕಳು, ಫೋನಿಗೆ ಏನೋ ಹೇಳಿದಳು, ಫೋನು ನಮ್ಮ ಭಾಷೆಯಲ್ಲಿ ನನಗೆ ಹೇಳಿತು, ನಿಮ್ಮ ಗಂಡನಿಗೆ ತುಂಬಾ ಪುಟ್ಟ ಬಾಯಿ. ಪುಟ್ಟ ಬಾಯಿ, ಅವನಿಗೆ, ಒಂದೇ ತುತ್ತಿಗೆ ಅರ್ಧ ಸಮೋಸ ಮಾಯ ಮಾಡುವವನಿಗೆ — ನಾನೂ ಬೆರಳಿಟ್ಟೆ. ಎರಡು ಬೆರಳಗಲ. ನಡುವೆ ಒಂದು ನಾಲಿಗೆ. ಅವನು ಹೋದ ದಿನ ನಾನು ಅಳುತ್ತ ಬೆರಳಿಟ್ಟು ನೋಡಿದ್ದೆ, ಆಗ ನಾಲ್ಕು ಬೆರಳಗಲವಿತ್ತು.

ರೊಟ್ಟಿ ಒಣಗಬಹುದು, ಬೂಸಲು ಹಿಡಿಯಬಹುದು, ಕಚ್ಚಿದ ಜಾಗ ಕಿರಿದಾಗುವುದನ್ನು ಯಾರಾದರೂ ಕೇಳಿದ್ದಾರೆಯೇ, ಮಸೀದಿಯ ಬಾಗಿಲಲ್ಲಿ ಗಾಳಿ ಸೀಳುತ್ತಿದೆ, ಉಣ್ಣೆ ಕಾಲುಚೀಲ ಮಾರುವವಳು ಕರೆಯುತ್ತಾಳೆ, ಕೇಳದ ಹಾಗೆ ಹೋಗುತ್ತೇನೆ, ಎಷ್ಟು ಸಲ ಈ ಬೀದಿ ಸುತ್ತಿದೆನೋ ಇವತ್ತು, ಮೂರೋ ನಾಲ್ಕೋ, ಕಾಲು ನಡೆಯುತ್ತದೆ, ತಲೆ ಹೋದ ಚಳಿಗಾಲಕ್ಕೇ ಓಡುತ್ತದೆ. ಆಗ ಅತ್ತೆ ನನ್ನನ್ನು ಉರ್ಗೆಂಚಿಗೆ ಕಳಿಸಿದರು, ನಾದಿನಿಯ ಬಾಣಂತನಕ್ಕೆ ಮೂರು ದಿನ, ಮಗಳನ್ನು ಬಿಟ್ಟು, ಅನ್ಬರ್‌ಗೆ ಶಾಲೆ ಇದೆ, ಅವಳು ಇಲ್ಲೇ ಇರಲಿ, ನಾನು ನೋಡ್ಕೋತೀನಿ — ನೋಡಿಕೊಂಡರು. ಹಿಂದಿರುಗಿದಾಗ ಅಂಗಳದ ಒಲೆಯ ಬೂದಿ ಹೊಸದು, ಮಂಡಿ ನೋವು ಅಂತ ಹತ್ತು ವರ್ಷದಿಂದ ಹಿಟ್ಟು ಮುಟ್ಟದವರು, ಯಾಕೋ ಬಿಸಿ ರೊಟ್ಟಿ ತಿನ್ನೋಣ ಅನ್ನಿಸ್ತು, ನಾನೇ ಮಾಡ್ಕೊಂಡೆ, ಅಂದರು, ಗೋಡೆಯ ರೊಟ್ಟಿ ತೊಲೆಯ ಪಕ್ಕದ ಎತ್ತರದ ಮೊಳೆಗೆ ಹೋಗಿತ್ತು, ಇಲಿ ಕಾಟ, ಅಂದರು. ಇಲಿ. ನಾನು ಇಲಿಗೆ ಪಾಷಾಣ ಬೇರೆ ಇಟ್ಟೆ, ನನ್ನಂಥ ಪೆದ್ದಿಯನ್ನು ಹುಡುಕಿ ಸೊಸೆ ಮಾಡಿಕೊಂಡದ್ದಕ್ಕೆ ಆ ಮುದುಕಿಗೆ ಬಹುಮಾನ ಕೊಡಬೇಕು — ಹೌದು, ಮುದುಕಿ, ಇನ್ನು ಮೇಲೆ ಅವಳಿಗೆ ಅಂದರು, ಬಂದರು ಅನ್ನುವ ಮರ್ಯಾದೆ ಎಲ್ಲಿಂದ ತರಲಿ. ಅದೇ ವಾರ ರೊಟ್ಟಿ ಸುಟ್ಟು ಮಾರುವ ಬಿಬಿಜಾನ್ ಅಜ್ಜಿ ಬೀದಿಯಲ್ಲಿ ನನ್ನ ಗಲ್ಲ ಹಿಡಿದು, ನಿನ್ನ ಕಣ್ಣು ಬೆಳಗಲಿ ಕಣೇ, ಅಂದಳು, ದೂರದಿಂದ ಯಾರಾದರೂ ಮನೆಗೆ ಬಂದಾಗ ಹೇಳುವ ಮಾತು ಅದು, ಯಾಕಜ್ಜಿ ಅನ್ನುವಷ್ಟರಲ್ಲಿ ಅತ್ತೆ ನನ್ನ ತೋಳು ಎಳೆದಳು, ಪಾಪ, ಅರಳು ಮರಳು ಅದಕ್ಕೆ. ಊರಿಗೆಲ್ಲ ಗೊತ್ತಿದ್ದದ್ದು ನನಗೊಬ್ಬಳಿಗೆ ಗೊತ್ತಿರಲಿಲ್ಲ, ಈ ಕಾಲುಚೀಲದವಳಿಗೂ ಗೊತ್ತು, ಒಂಟೆಯವನಿಗೂ ಗೊತ್ತು, ಒಂಟೆಗೂ ಗೊತ್ತಿದ್ದೀತು.

ಪೂರ್ವದ ಬಾಗಿಲ ಹತ್ತಿರ ಹೊಗೆ, ಸುಟ್ಟ ಎಳ್ಳಿನ ವಾಸನೆ, ಹೊಟ್ಟೆ ಚುರುಗುಟ್ಟುತ್ತದೆ, ನಾಚಿಕೆಯಿಲ್ಲದ ಹೊಟ್ಟೆ, ಬಿಬಿಜಾನ್ ಅಜ್ಜಿ ಸೊಂಟದವರೆಗೆ ಒಲೆಯ ಬಾಯೊಳಗೆ ಬಗ್ಗಿದ್ದಾಳೆ, ಹೊರಗೆ ಬರುವ ತನಕ ನಿಲ್ಲುತ್ತೇನೆ, ಕೋಟಿನ ಗುಂಡಿ ಬಿಚ್ಚಿ ತೋರಿಸುತ್ತೇನೆ. ಅವಳು ನೋಡಿದಳು, ಕೈಯ ಹಿಟ್ಟನ್ನು ನಿಧಾನವಾಗಿ ಒರೆಸಿದಳು, ಕೂತ್ಕೋ ಅಂದಳು, ಕೂರಲಿಲ್ಲ. ಬಂದಿದ್ದ ಕಣೇ. ಎರಡು ರಾತ್ರಿ ಇದ್ದ. ಅಲ್ಲಿ ಮನೆ ಮಾಡಿದಾನೆ, ಒಂದು ಕೂಸೂ ಇದೆ, ಫೋನಲ್ಲಿ ನಿಮ್ಮತ್ತೆಗೆ ತೋರಿಸ್ದನಂತೆ. ಇನ್ನು ನಾನು ಬರೋದಿಲ್ಲಮ್ಮ, ನನ್ನ ಅನ್ನ ಇಲ್ಲಿ ಉಳೀಬಾರದು ಅಂತ ಗೋಡೇದು ಇಳಿಸಿ, ಚಹಾದಲ್ಲಿ ಅದ್ದಿ ಅದ್ದಿ ಪೂರ್ತಿ ತಿಂದ, ಪುಡೀನೂ ಬಿಡಲಿಲ್ಲ. ನಾನು ಬೀದೀಲಿ ನಿನ್ನ ಹರಸಿದ ಮೇಲೆ ನಿಮ್ಮತ್ತೆ ಬಂದು ಇದೆಲ್ಲ ಹೇಳಿ ನನ್ನ ಕಾಲು ಹಿಡಿದ್ಲು, ಹೇಳಬೇಡ, ಅವಳು ಮಗು ಕರ್ಕೊಂಡು ಹೋದ್ರೆ ನಾನು ಗೋಡೆ ನೋಡ್ಕೊಂಡು ಸಾಯಬೇಕು ಅಂತ — ಮಗು ಕರೆದುಕೊಂಡು ಹೋದರೆ ನಿಜ, ಅತಿಥಿಗಳ ಹಾಸಿಗೆ ಕೊಡವುವವಳು ಹೋದರೆ ಅನ್ನುವುದೂ ನಿಜ, ಎರಡನ್ನೂ ಒಂದೇ ಕಣ್ಣೀರಿನಲ್ಲಿ ತೊಳೆದಿದ್ದಾಳೆ. ನನ್ನ ರೊಟ್ಟಿ, ನನ್ನ ಕೈಯಲ್ಲಿ ತಟ್ಟಿದ್ದು, ನಾಲ್ಕು ವರ್ಷ ನಾನು ಬೇಡಿಕೊಂಡದ್ದು, ನನ್ನನ್ನು ಆಚೆ ಕಳಿಸಿ ಅದ್ದಿ ಅದ್ದಿ ತಿಂದ. ಮತ್ತೆ ಇದನ್ನ ಯಾರು ಕಚ್ಚಿದ್ದು ಅಜ್ಜಿ, ಅಂದೆ. ಅವಳಿಗೆ ಗೊತ್ತಿಲ್ಲ, ನಿಜವಾಗಿಯೂ ಗೊತ್ತಿಲ್ಲ, ಬಿಸಿ ರೊಟ್ಟಿಯೊಂದನ್ನು ನನ್ನ ಕೈಗೆ ತುರುಕಿ ಮತ್ತೆ ಒಲೆಗೆ ಬಗ್ಗಿದಳು.

ಯಾರು, ಅತ್ತೆಯ ಬಾಯ್ತುಂಬ ಚಿನ್ನದ ಹಲ್ಲು, ಒಂದೂ ಸಂದಿಯಿಲ್ಲ, ಅವಳು ಕಚ್ಚಿದ್ದರೆ ನಡುವೆ ನಾಲಿಗೆ ಉಳಿಯುತ್ತಿರಲಿಲ್ಲ, ನಾಲಿಗೆ ಬೇಕಿತ್ತು, ಕೆಳಗಿನಿಂದ ನೋಡಿದರೆ ಮಗನದೇ ಅನ್ನಿಸಬೇಕಿತ್ತು, ಮುಂದಿನ ಹಲ್ಲಿಲ್ಲದ ಒಂದು ಬಾಯಿ ಬೇಕಿತ್ತು — ಕೋಟೆಗೋಡೆಯ ಇಳಿಜಾರಿನಲ್ಲಿ ಹಳೆಯ ಗೋರಿಗಳ ಮೇಲೆ ಹಿಮ, ಕಾಗೆಗಳು, ಕಾಲು ಜಾರುತ್ತದೆ, ಗೋಡೆ ಹಿಡಿದುಕೊಳ್ಳುತ್ತೇನೆ, ಹುಲ್ಲು ಬೆರೆಸಿದ ಮಣ್ಣು, ಕೈಗೆ ಚುಚ್ಚುತ್ತದೆ — ನಾನು ಉರ್ಗೆಂಚಿಗೆ ಹೋಗುವ ಹಿಂದಿನ ವಾರ ಅನ್ಬರ್‌ಳ ಮುಂದಿನ ಹಾಲುಹಲ್ಲು ಬಿತ್ತು, ಅವಳೂ ನಾನೂ ಸೇರಿ ಮಾಡಿನ ಮೇಲೆ ಎಸೆದೆವು, ಅಮ್ಮಾ ಗಾಳಿ ಬರ್ತದೆ ಇಲ್ಲಿ, ಅಂತ ಆ ಸಂದಿಯಲ್ಲಿ ನಾಲಿಗೆ ತೂರಿಸಿ ನಗಿಸಿದಳು. ಏಳು ವರ್ಷದ ಬಾಯಿ. ಎರಡು ಬೆರಳಗಲ. ಆಮೇಲೆ ಊಟಕ್ಕೆ ಗೋಡೆಗೆ ಬೆನ್ನು ಹಾಕಿ ಕೂರಲು ಶುರು ಮಾಡಿದಳು, ನಾನು ಅದರ ಕೆಳಗೆ ಅಂಗೈ ಚಾಚಿದರೆ ಎದ್ದು ಆಚೆ ಹೋದಳು, ಬಾ ಅಪ್ಪನಿಗೋಸ್ಕರ ಬೇಡಿಕೋ ಅಂದರೆ ಬರದೆ ಹೋದಳು, ದೇವರ ಭಯ ಇಲ್ಲ ಅಂತ ಒಂದು ದಿನ ಕೆನ್ನೆಗೆ ಹೊಡೆದೆ, ನನ್ನ ಕೈಗೆ ಹುಳ ಬೀಳಲಿ. ಅಪ್ಪನನ್ನು ನೋಡಿದ್ದಾಳೆ, ಅವನು ತಿನ್ನುವುದನ್ನು ನೋಡಿದ್ದಾಳೆ, ಒಂದು ವರ್ಷ ಬಾಯಿಗೆ ಬೀಗ.

ಶಾಲೆ ಬಿಟ್ಟಿದೆ, ಕೋಟೆ ಬಾಗಿಲಾಚೆ ಮಕ್ಕಳ ಗದ್ದಲ, ಹಜಾರಾಸ್ಪಿಗೆ ಹೋಗುವ ವ್ಯಾನು ಹೊಗೆ ಬಿಡುತ್ತ ನಿಂತಿದೆ, ಅಲ್ಲಿ ನನ್ನ ಅಣ್ಣನ ಮನೆ, ಇವಳನ್ನು ಹತ್ತಿಸಿಕೊಂಡು ಹೋಗಿಬಿಡುತ್ತೇನೆ, ಆ ಮನೆಯ ಹೊಸ್ತಿಲು ಇನ್ನು ತುಳಿಯುವುದಿಲ್ಲ. ಬರುತ್ತಿದ್ದಾಳೆ, ಚೀಲ ಎಳೆಯುತ್ತ, ಬಿಚ್ಚಿದ ಕೋಟಿನಲ್ಲಿ ಏನು ಕಂಡಿತೋ, ಅಲ್ಲೇ ನಿಂತಳು, ಬೆಳ್ಳಗಾದಳು. ಅವಳೇ ಅಂದಳು, ಹೇಳಿದ್ರೆ ನೀನೂ ಹೋಗಿಬಿಡ್ತೀಯ ಅಂದ್ಲು ನಮ್ಮಜ್ಜಿ, ಅಪ್ಪನ ಥರ. ವ್ಯಾನಿನವನು ಹಾರನ್ ಒತ್ತುತ್ತಾನೆ. ದೇವರೇ, ಇದನ್ನು ಕಚ್ಚಿದವರನ್ನು ಸುಖವಾಗಿ ಮನೆ ಮುಟ್ಟಿಸು, ಒಂದು ವರ್ಷ ನಾನು ಬೇಡಿಕೊಂಡದ್ದು ಇವಳಿಗೆ, ಇವಳು ದಿನಾ ಮಧ್ಯಾಹ್ನ ಸುಖವಾಗಿ ಮನೆ ಮುಟ್ಟುತ್ತಿದ್ದಳು, ನಾನು ಬಾಗಿಲಾಚೆ ಇನ್ಯಾರನ್ನೋ ನೋಡುತ್ತಿದ್ದೆ. ಇದು ಉಳಿದಿದ್ದರೆ ಇವಳನ್ನು ಆ ಮನೆಗೇ ಎಳೆಯುತ್ತದೆ, ಉಳಿಯಬಾರದು, ತಿನ್ನು, ಅನ್ನುತ್ತೇನೆ, ತಿಂದು ಮುಗಿಸು, ಆಮೇಲೆ ಹೋಗೋಣ, ಇಬ್ರೂ, ಬಿಸಿ ರೊಟ್ಟಿಯನ್ನು ಕಂಕುಳಿಗೆ ಸೇರಿಸಿ ಇದನ್ನು ಎರಡೂ ಕೈಯಿಂದ ಅವಳ ಬಾಯಿಗೆ ಹಿಡಿಯುತ್ತೇನೆ, ಕಚ್ಚುತ್ತಾಳೆ, ಕಣ್ಣೀರು ಸುರಿಸುತ್ತ ಕಚ್ಚುತ್ತಾಳೆ, ಕಲ್ಲು, ಹಲ್ಲು ಜಾರುತ್ತದೆ, ಮತ್ತೆ ಅದೇ ಹಳೆಯ ಜಾಗಕ್ಕೆ ಬಾಯಿ ಇಡುತ್ತಾಳೆ, ಹೊಸ ಹಲ್ಲು ಬಂದಿದೆ, ದೊಡ್ಡದು, ಬಾಯಿಯೂ ಬೆಳೆದಿದೆ, ಆ ಜಾಗಕ್ಕೆ ಕೂರುವುದಿಲ್ಲ, ಒಂದು ಪುಡಿಯೂ ಉದುರುವುದಿಲ್ಲ, ವ್ಯಾನು ಹೊರಟಿತೋ, ಇನ್ನೂ ನಿಂತಿದೆಯೋ, ನನಗೆ ಕಾಣುವುದು ಇಷ್ಟೇ, ಎರಡು ಬೆರಳಗಲ, ನಡುವೆ ಒಂದು ನಾಲಿಗೆ